ಓಡುವ ಬಸ್ಸಿನ ಬೋರ್ಡು ಬದಲಿಸುವ ಕ್ರಮ: ಮೂರು ತಾಲೂಕುಗಳ ಒಂದು ಅಧ್ಯಯನ

ಓಡುತ್ತಿರುವ ಬಸ್ಸಿನಲ್ಲಿ ಬೋರ್ಡು ಬದಲಿಸುವಾಗ ಡ್ರೈವರ್ ಏನು ಮಾಡಬೇಕು? ಕಂಪ್ಯೂಟರ್ ಶಾಸ್ತ್ರದಲ್ಲಿ ಇದು ಬಲು ಗಹನವಾದ ಪ್ರಶ್ನೆ. ಇದರ ಬಗ್ಗೆ ದಪ್ಪ ದಪ್ಪ ಕೈಪಿಡಿಗಳು ಬಂದಿವೆ, ಸಮಿತಿಗಳು ಕೂತಿವೆ, ಎದ್ದಿವೆ. ಕ್ಷೇತ್ರಕಾರ್ಯದ ಮೊದಲ ದಿನ ನಾನು ಇದೇ ಪ್ರಶ್ನೆಯನ್ನು ಬಿ.ಸಿ.ರೋಡಿನಲ್ಲಿ ಮೂಡುಬಿದಿರೆಗೆ ಹೊರಟು ನಿಂತಿದ್ದ ಒಂದು ಖಾಸಗಿ ಬಸ್ಸಿನ ಕಂಡಕ್ಟರಲ್ಲಿ ಕೇಳಿದೆ. ಅವರು ಚಿಲ್ಲರೆ ಎಣಿಸುತ್ತಲೇ, "ಡ್ರೈವರ್ ಎಂತ ಮಾಡ್ಲಿಕ್ಕಿಲ್ಲ. ಬೋರ್ಡು ಕ್ಲೀನರ್ ತಿರುಗಿಸ್ತಾನೆ" ಎಂದರು.

ಉತ್ತರ ತಪ್ಪೆಂದು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಬಸ್ಸು ಸಿದ್ಧಕಟ್ಟೆ ದಾಟುವಷ್ಟರಲ್ಲಿ ಅದನ್ನು ಹೊಡೆದುಹಾಕಿ 'ಸರಿ' ಎಂದು ತಿದ್ದಿದೆ. ಓಡಿಸುವವನು ಒಬ್ಬ, ಬೋರ್ಡು ಬದಲಿಸುವವನು ಇನ್ನೊಬ್ಬ, ನಡುವೆ ಒಂದು ಸೀಟಿ. ಪರದೇಶದ ಇಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆರೆದುಕೊಂಡು ಕಂಡುಹಿಡಿದದ್ದೂ ಹೆಚ್ಚುಕಡಿಮೆ ಇಷ್ಟನ್ನೇ.

ವಿಷಯಕ್ಕೆ ಹೊಸಬರಾದವರಿಗೆ ಎರಡು ಮಾತು. ಕಂಪ್ಯೂಟರಿನೊಳಗೆ ಮಾಹಿತಿ ಹೋಗಿಬರುವ ದಾರಿಗೆ ಬಸ್ ಎನ್ನುತ್ತಾರೆ. ಆ ದಾರಿಗೆ ಸಿಕ್ಕಿಸಿದ ಹಲಗೆಗಳೇ ಬೋರ್ಡುಗಳು: ನೆಟ್‌ವರ್ಕಿನದೊಂದು, ಡಿಸ್ಕಿನದೊಂದು, ಮೆಮೊರಿಯದೊಂದು. ಒಂದೊಂದು ಬೋರ್ಡಿನ ಭಾಷೆ ಬಲ್ಲ ಪುಟ್ಟ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಈ ಎಲ್ಲರ ಯಜಮಾನಿಕೆ ಆಪರೇಟಿಂಗ್ ಸಿಸ್ಟಮಿನದು. ಯಂತ್ರ ನಿಲ್ಲಿಸದೆ, ಕೆಲಸ ಕೆಡಿಸದೆ, ಒಂದು ಬೋರ್ಡನ್ನು ಕಿತ್ತು ಇನ್ನೊಂದನ್ನು ಕೂರಿಸುವುದಕ್ಕೆ ಹಾಟ್ ಸ್ವಾಪ್ ಎನ್ನುತ್ತಾರೆ. ಇಲ್ಲಿ ಹಾಟ್ ಎಂದರೆ ಬಿಸಿ ಎಂದಲ್ಲ, ಕರೆಂಟು ಇರುವಾಗಲೇ ಎಂದು. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಮಳೆಗಾಲದಲ್ಲಿ ಈ ಒಂದು ಷರತ್ತೇ ಪೂರೈಸದ ಕಾರಣ ನನ್ನ ಅಧ್ಯಯನವನ್ನು ದೀಪಾವಳಿಯಿಂದ ಮಳೆಗಾಲದ ಹೊಸ್ತಿಲಿನ ಪತ್ತನಾಜೆಯವರೆಗೆ ಮಿತಗೊಳಿಸಬೇಕಾಯಿತು. ಯಕ್ಷಗಾನ ಮೇಳಗಳ ತಿರುಗಾಟದ ಅವಧಿಯೂ ಅದೇ ಆದದ್ದು ಕಾಕತಾಳೀಯವಲ್ಲ ಎಂದು ಮುಂದೆ ತೋರಿಸುತ್ತೇನೆ.

ನನ್ನ ಅರ್ಹತೆಯ ಬಗ್ಗೆಯೂ ಹೇಳಿಬಿಡುವುದು ಒಳ್ಳೆಯದು. ಈ ಕ್ಷೇತ್ರದಲ್ಲಿ ನಾನು ತಜ್ಞ. ಹಾಗೆಂದು ಮೊದಲು ಹೇಳಿದವನು ನಾನೇ ಆದರೂ ಈ ತನಕ ಯಾರೂ ಅಲ್ಲಗಳೆದಿಲ್ಲ. ಓಡುತ್ತಿದ್ದ ಕಂಪ್ಯೂಟರಿನಿಂದ ನಾನು ಸ್ವತಃ ಕಿತ್ತ ಬೋರ್ಡುಗಳ ಸಂಖ್ಯೆ ಒಂದು. ಅದರ ವಿವರ ಮುಂದೆ ಬರುತ್ತದೆ.

ಮೊದಲು ಸಿಕ್ಕಿಸುವ ವಿಧಿ. ಕಾಂಪ್ಯಾಕ್ಟ್ ಪಿಸಿಐ ಎಂಬ ಕೈಗಾರಿಕಾ ಮಾದರಿಯಲ್ಲಿ ಬೋರ್ಡಿಗೂ ಗೂಡಿಗೂ ನಡುವಿನ ಪಿನ್ನುಗಳು ಒಂದೇ ಉದ್ದದವಲ್ಲ. ಬೋರ್ಡು ಒಳಗೆ ಜಾರುವಾಗ ಎಲ್ಲಕ್ಕಿಂತ ಮೊದಲು ಉದ್ದದ ಪಿನ್ನುಗಳು ಮುಟ್ಟುತ್ತವೆ: ಅರ್ತು ಮತ್ತು ಕರೆಂಟು. ಆಮೇಲೆ ಮಧ್ಯಮ ಉದ್ದದವು, ಮಾತುಕತೆಯ ತಂತಿಗಳು. ಕಟ್ಟಕಡೆಗೆ ಗಿಡ್ಡ ಪಿನ್ನು, 'ನಾನು ಪೂರ್ತಿ ಕೂತೆ' ಎಂದು ತಿಳಿಸುವುದು. ಕೀಳುವಾಗ ಇದರ ತಿರುಗುಮುರುಗು. ಅಷ್ಟೇ ಅಲ್ಲ, ಮಾತಿನ ತಂತಿಗಳು ಮುಟ್ಟುವ ಮೊದಲು ಅವಕ್ಕೆ ಸುಮಾರು ಒಂದು ವೋಲ್ಟಿನಷ್ಟು ಜೀವ ತುಂಬಿರಬೇಕು. ಇಲ್ಲದಿದ್ದರೆ ಹೊಸ ಬೋರ್ಡು ಬಂದ ರಭಸಕ್ಕೆ ಬಸ್ಸಿನ ಮೇಲೆ ಆಗಲೇ ಓಡುತ್ತಿದ್ದ ಮಾಹಿತಿ ಹಾಳು. ಈ ಭಾಗವನ್ನು ಬೆಳ್ತಂಗಡಿ ಕಡೆಯ ಹಳೆಯ ಮನೆಯೊಂದರ ಚಾವಡಿಯಲ್ಲಿ ವಿವರಿಸಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಬೆಲ್ಲ ಮತ್ತು ಕುಡಿಯಲು ನೀರು, ಆಮೇಲಷ್ಟೇ 'ಮತ್ತೇನು ವಿಶೇಷ'. ಬಿಸಿಲಲ್ಲಿ ನಡೆದುಬಂದವನನ್ನು ನೇರ ಮಾತಿಗೆಳೆದರೆ ಮಾತು ಕೆಡುತ್ತದೆ ಎಂಬುದು ಆ ಮನೆಯ ಅಜ್ಜಿಗೆ ಗೊತ್ತಿತ್ತು. ಇಷ್ಟಕ್ಕೇ ಅಮೆರಿಕದಲ್ಲೊಂದು ಸಮಿತಿ ಕೂರಬೇಕಾಯಿತೇ ಎಂದು ಅವರು ಕೇಳಿದರು. ನಾನು ಉತ್ತರಿಸಲಿಲ್ಲ, ಬೆಲ್ಲ ಬಾಯಲ್ಲಿತ್ತು.

ಇನ್ನು ಕೀಳುವ ವಿಧಿ. ಬೋರ್ಡಿನ ಮುಂದೆ ಒಂದು ಹಿಡಿ ಇರುತ್ತದೆ. ಕೀಳಬೇಕಾದವನು ಅದನ್ನು ಅರ್ಧ ಎತ್ತಬೇಕು, ಎಳೆಯಬಾರದು. ಹಿಡಿಯೊಳಗಿನ ಪುಟ್ಟ ಸ್ವಿಚ್ಚು ಆಪರೇಟಿಂಗ್ ಸಿಸ್ಟಮಿಗೆ 'ಇವನು ಹೊರಡುವ ಅಂದಾಜಿನಲ್ಲಿದ್ದಾನೆ' ಎಂದು ಸುದ್ದಿ ಮುಟ್ಟಿಸುತ್ತದೆ. ಸಿಸ್ಟಮು ಡ್ರೈವರಿಗೆ ಹೇಳುತ್ತದೆ, ಡ್ರೈವರು ಕೈಯಲ್ಲಿದ್ದ ಕೆಲಸ ಮುಗಿಸಿ ಹೊಸ ಕೆಲಸ ಹಿಡಿಯುವುದನ್ನು ನಿಲ್ಲಿಸುತ್ತದೆ, ಗೂಡಿನ ಸಂಪರ್ಕ ಬಿಡಿಸುತ್ತದೆ. ಎಲ್ಲ ಮುಗಿದ ಮೇಲೆ ಬೋರ್ಡಿನ ಮೋರೆಯಲ್ಲಿ ಒಂದು ನೀಲಿ ದೀಪ ಹೊತ್ತಿಕೊಳ್ಳುತ್ತದೆ. ಆಗ ಎಳೆಯಬಹುದು. ನಮ್ಮ ಬಸ್ಸುಗಳಲ್ಲಿ ಈ ನೀಲಿ ದೀಪಕ್ಕೆ 'ರೈಟ್ ಪೋಯಿ' ಎನ್ನುತ್ತಾರೆ. ವ್ಯತ್ಯಾಸ ಒಂದೇ: ಬೋರ್ಡು ದೀಪಕ್ಕಾಗಿ ಕಾಯುತ್ತದೆ, ಇಲ್ಲಿ ಇಳಿಯುವವರ ಎರಡನೇ ಕಾಲು ನೆಲ ಮುಟ್ಟುವ ಮೊದಲೇ ದೀಪ ಹೊತ್ತಿರುತ್ತದೆ.

ನೀಲಿ ಬಣ್ಣಕ್ಕೆ ಈ ಶಾಸ್ತ್ರದಲ್ಲಿ ಎರಡು ಅರ್ಥವಿದೆ. ಇನ್ನೊಂದು ಅರ್ಥವನ್ನು 1998ರ ಏಪ್ರಿಲ್ 20ರಂದು ಚಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ಲೋಕಕ್ಕೆ ತೋರಿಸಿದರು. ವಿಂಡೋಸ್ 98 ಹೊರಬರುವ ಮುಂಚಿನ ಪ್ರದರ್ಶನ. ಸಹಾಯಕ ಓಡುವ ಯಂತ್ರಕ್ಕೆ ಒಂದು ಸ್ಕ್ಯಾನರ್ ಸಿಕ್ಕಿಸಿದ್ದೇ ತಡ, ದೊಡ್ಡ ಪರದೆ ಇಡೀ ನೀಲಿಯಾಯಿತು, ಸಭೆ ಚಪ್ಪಾಳೆ ತಟ್ಟಿತು. ಕಾಲಿಗೆ ನೀರು ಕೊಟ್ಟಿರಲಿಲ್ಲ ಎಂಬುದು ನನ್ನ ಊಹೆ.

ಹೊರಡುತ್ತೇನೆ ಎಂದ ಮಾತ್ರಕ್ಕೆ ಬಿಡುಗಡೆ ಸಿಗುವುದಿಲ್ಲ. 'ಈ ಸಾಧನ ಬಳಕೆಯಲ್ಲಿದೆ, ಈಗ ತೆಗೆಯಲಾಗದು' ಎಂಬ ಸಂದೇಶ ಕಾಣದ ಕಂಪ್ಯೂಟರ್ ಬಳಕೆದಾರ ಇಲ್ಲ. ಯಾರ ಬಳಕೆಯಲ್ಲಿದೆ ಎಂದು ಮಾತ್ರ ಅದು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಸಿಸ್ಟಮು ಒಂದೊಂದು ಸಾಧನವನ್ನೂ ಎಷ್ಟು ಮಂದಿ ಹಿಡಿದುಕೊಂಡಿದ್ದಾರೆ ಎಂಬ ಲೆಕ್ಕ ಇಟ್ಟಿರುತ್ತದೆ. ಆ ಲೆಕ್ಕ ಸೊನ್ನೆಗಿಳಿಯದೆ ಬೋರ್ಡು ಕದಲದು. ನಮ್ಮಲ್ಲಿ ಜಾಗದ ಪಾಲುಪಟ್ಟಿ ಮಾಡಿಸಿದವರಿಗೆ ಇದರ ಪೂರ್ಣ ಅನುಭವವಿದೆ. ಊರಿನಲ್ಲಿದ್ದವರೆಲ್ಲ ಸಹಿ ಹಾಕಿರುತ್ತಾರೆ, ಲೆಕ್ಕ ಒಂದರಲ್ಲಿ ನಿಂತಿರುತ್ತದೆ. ಆ ಒಬ್ಬ ಮುಂಬಯಿಯಲ್ಲಿ ಇರುತ್ತಾನೆ. ಮನೆ ಬಿಟ್ಟು ನಲವತ್ತು ವರ್ಷವಾಗಿದೆ, ಊರಿಗೆ ಬರುವುದಿಲ್ಲ, ಜಾಗ ಬೇಡವೂ ಬೇಡ, ಆದರೆ ಕೈ ಬಿಟ್ಟಿಲ್ಲ. ಲಿನಕ್ಸಿನಲ್ಲಿ ಇಂಥವರನ್ನು ಹುಡುಕಲು ಒಂದು ಆಜ್ಞೆ ಇದೆ. ನಮ್ಮಲ್ಲಿ ಇನ್ನೂ ಕಂಬಳದ ಸೀಸನ್ನಿಗೆ ಕಾಯಬೇಕು, ಕಡಲಕೆರೆಯ ಜೋಡುಕರೆಗೆ ಅವನು ಬಂದೇ ಬರುತ್ತಾನೆ.

ಎಲ್ಲರೂ ಹೀಗೆ ಸಂಯಮದಿಂದ ಕಾಯುತ್ತಾರೆ ಎಂದೇನಲ್ಲ. ಪೆನ್‌ಡ್ರೈವನ್ನು ಕೇಳಿ ತೆಗೆಯಿರಿ ಎಂದು ವಿಂಡೋಸ್ ವರ್ಷಾನುಗಟ್ಟಲೆ ಬೇಡಿಕೊಂಡಿತು. ಕೊನೆಗೆ 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಲ್ಲಿ, ಕೇಳದೆ ಕಿತ್ತರೂ ಪರವಾಗಿಲ್ಲ ಎಂಬುದನ್ನೇ ಮೂಲ ನಿಯಮ ಮಾಡಿಬಿಟ್ಟರು. ಇದನ್ನು ಸೋಲು ಎನ್ನಬಾರದು. ಬಾಗಿಲು ತಟ್ಟದೆ ಒಳಗೆ ಬರುವ ನೆಂಟರಿರುವ ಊರಿನಲ್ಲಿ ಬಾಗಿಲು ತೆರೆದಿಡುವುದು ಕೂಡ ಒಂದು ವಿನ್ಯಾಸವೇ.

ಈಗ ಕಷ್ಟದ ಭಾಗ, ಮೆಮೊರಿ ಬೋರ್ಡು. ನೆಟ್‌ವರ್ಕ್ ಕಾರ್ಡು ಹೋದರೆ ಮಾತು ನಿಲ್ಲುತ್ತದೆ, ಮೆಮೊರಿ ಹೋದರೆ ಯಂತ್ರಕ್ಕೆ ತಾನು ಯಾರೆಂಬುದೇ ಮರೆಯುತ್ತದೆ. ಇಲ್ಲೊಂದು ಇತಿಹಾಸದ ಸಂಗತಿಯನ್ನು ದಾಖಲಿಸಬೇಕು. ಒಂದು ಭಾಗ ಕೆಟ್ಟರೂ ನಿಲ್ಲದ ಕಂಪ್ಯೂಟರನ್ನೇ ಮಾರುವ ಟ್ಯಾಂಡೆಮ್ ಎಂಬ ಕಂಪನಿ ಅಮೆರಿಕದಲ್ಲಿ ಸ್ಥಾಪನೆಯಾದದ್ದು 1974ರಲ್ಲಿ. ನೇತ್ರಾವತಿ ಬಂಟ್ವಾಳ ಪೇಟೆಯೊಳಗೆ ನುಗ್ಗಿದ್ದೂ 1974ರಲ್ಲಿ, ಜುಲೈ ತಿಂಗಳು. ಅದಕ್ಕೂ ಹಿಂದೆ 1923ರಲ್ಲಿ ಬಂದ ನೆರೆಯನ್ನು ಹಿರಿಯರು ಮಾರಿಬೊಳ್ಳ ಎಂದೇ ಕರೆಯುತ್ತಿದ್ದರು. ಅಂದರೆ ಟ್ಯಾಂಡೆಮಿಗೆ ಬಂದ ಯೋಚನೆ ಬಂಟ್ವಾಳ ಪೇಟೆಗೆ ಅರ್ಧ ಶತಮಾನ ಮೊದಲೇ ಬಂದಿತ್ತು. ನೀರು ಮೆಟ್ಟಿಲು ಹತ್ತುವಾಗ ಅಂಗಡಿಯವರು ವ್ಯಾಪಾರ ನಿಲ್ಲಿಸಿ ಅಳುತ್ತ ಕೂರುವುದಿಲ್ಲ. ಸಾಮಾನನ್ನು ಅಟ್ಟಕ್ಕೆ ಸಾಗಿಸುತ್ತಾರೆ, ಯಾವುದು ಎಲ್ಲಿ ಹೋಯಿತೆಂದು ಗುರುತಿಟ್ಟುಕೊಳ್ಳುತ್ತಾರೆ, ಕೆಳಗಿನ ಕೋಣೆಯನ್ನು ನದಿಗೆ ಬಿಟ್ಟುಕೊಡುತ್ತಾರೆ. 1997ರಲ್ಲಿ ಸನ್ ಕಂಪನಿ ತಂದ ಎಂಟರ್‌ಪ್ರೈಸ್ 10000 ಎಂಬ ಬೃಹತ್ ಯಂತ್ರ ಮಾಡುತ್ತಿದ್ದುದೂ ಇದನ್ನೇ. ಅದರಲ್ಲಿ 16 ಬೋರ್ಡು, 64 ಪ್ರೊಸೆಸರು. ಒಂದು ಬೋರ್ಡನ್ನು ತೆಗೆಯಬೇಕಾದರೆ ಸೋಲಾರಿಸ್ ಸಿಸ್ಟಮು ಅದರ ಮೆಮೊರಿಯಲ್ಲಿದ್ದುದನ್ನು ಪುಟಪುಟವಾಗಿ ಬೇರೆ ಬೋರ್ಡುಗಳಿಗೆ ಸಾಗಿಸಿ, ಖಾಲಿ ಮಾಡಿ, ಆಮೇಲೆ ಬಿಟ್ಟುಕೊಡುತ್ತಿತ್ತು.

ಆದರೆ ಕೆಲವು ಪುಟಗಳು ಕದಲುವುದಿಲ್ಲ. ಸಿಸ್ಟಮಿನ ತಿರುಳೇ ಅವುಗಳ ಮೇಲೆ ಕೂತಿರುತ್ತದೆ. ಕೂತ ಮಣೆಯನ್ನು ಕೂತವನೇ ಎತ್ತುವುದು ಹೇಗೆ? ಅದಕ್ಕಾಗಿ ಸೋಲಾರಿಸಿನವರು ಆ ಪುಟಗಳನ್ನೆಲ್ಲ ಒಂದೇ ಕಡೆ ಸೇರಿಸಿ ಕರ್ನಲ್ ಕೇಜ್, ಎಂದರೆ ತಿರುಳಿನ ಪಂಜರ ಎಂದು ಕರೆದು, ಪಂಜರ ಇರುವ ಬೋರ್ಡೊಂದನ್ನು ಬಿಟ್ಟು ಉಳಿದದ್ದನ್ನು ಸಲೀಸಾಗಿ ತೆಗೆಯಿರಿ ಎಂದರು. ಬಂಟ್ವಾಳದಲ್ಲಿ ಇದಕ್ಕೆ ತಿಜೋರಿ ಎಂಬ ಹಳೆಯ ಹೆಸರಿದೆ. ಎತ್ತಲು ಆರು ಜನ ಬೇಕು, ನೆರೆ ಬಂದಾಗ ಒಬ್ಬನೂ ಸಿಗುವುದಿಲ್ಲ.

ನಡುವೆ ಕಲ್ಲಡ್ಕದಲ್ಲಿ ಇಳಿದು ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿದೆ. ಅಧ್ಯಯನದ ಖರ್ಚಿನಲ್ಲಿ ಇದನ್ನು ತೋರಿಸಲು ಶಾಸ್ತ್ರೀಯ ಕಾರಣವಿದೆ. ಕೆಳಗೆ ಸಕ್ಕರೆ ಹಾಕಿದ ಹಾಲು, ಮೇಲೆ ಡಿಕಾಕ್ಷನ್, ಒಂದೇ ಲೋಟದಲ್ಲಿ ಎರಡೂ ಬಿಸಿ, ಒಂದನ್ನೊಂದು ಕದಡುವುದಿಲ್ಲ. ಒಂದೇ ಬಸ್ಸಿನಲ್ಲಿರುವ ಎರಡು ಬೋರ್ಡುಗಳನ್ನು ಹೀಗೆ ಬೇರೆಬೇರೆ ಇಡುವುದಕ್ಕೆ ಐಸೊಲೇಶನ್ ಎನ್ನುತ್ತಾರೆ. ಯಾವುದೇ ಪಠ್ಯಪುಸ್ತಕ ಇದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ್ದು ನಾನು ನೋಡಿಲ್ಲ. ಎರಡನೇ ಲೋಟ ಪುನರ್‌ಪರಿಶೀಲನೆಗೆ.

ಇಡೀ ಬೋರ್ಡಲ್ಲ, ಗೂಡನ್ನೇ ಬದಲಿಸಬೇಕಾದರೆ? ಈ ಪ್ರಶ್ನೆಗೆ ಪರದೇಶದ ಕೈಪಿಡಿಗಳು ತಡವರಿಸುತ್ತವೆ. ನಮ್ಮ ಮೂರು ತಾಲೂಕುಗಳಲ್ಲಿ ಯಾವುದೇ ಎರಡು ಊರಿನ ನಡುವೆ ಪ್ರಯಾಣ ಮಾಡಿದರೂ ರಸ್ತೆಬದಿಯಲ್ಲಿ ಒಂದು ಜೀರ್ಣೋದ್ಧಾರದ ಫ್ಲೆಕ್ಸಾದರೂ ಕಾಣುತ್ತದೆ. ಗರ್ಭಗುಡಿ ಹಳತಾಗಿದೆ, ಕಟ್ಟಬೇಕು, ಆದರೆ ಪೂಜೆ ಒಂದು ದಿನವೂ ನಿಲ್ಲಬಾರದು. ತಂತ್ರಿಗಳ ಕ್ರಮ ಹೀಗಿದೆ: ಮೊದಲು ಅನುಜ್ಞಾ ಕಲಶ, ಅಂದರೆ ದೇವರ ಒಪ್ಪಿಗೆ ಕೇಳುವುದು. ಅರ್ಧ ಎತ್ತಿದ ಹಿಡಿ ಎಂದರೆ ಇದೇ. ಆಮೇಲೆ ಸಾನ್ನಿಧ್ಯವನ್ನು ಬಾಲಾಲಯ ಎಂಬ ಸಣ್ಣ ತಾತ್ಕಾಲಿಕ ಗುಡಿಗೆ ಸಾಗಿಸುವುದು. ನಿತ್ಯಪೂಜೆ ಅಲ್ಲೇ ನಡೆಯುತ್ತದೆ, ಭಕ್ತರು ಅಲ್ಲೇ ಕೈಮುಗಿಯುತ್ತಾರೆ. ಇತ್ತ ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟಿ, ಪುನಃ ಪ್ರತಿಷ್ಠೆ ಮಾಡಿ, ಬ್ರಹ್ಮಕಲಶ. ಸ್ಥಿತಿಯನ್ನು ಸಾಗಿಸು, ಸೇವೆ ಮುಂದುವರಿಸು, ಹಳೆಯದನ್ನು ಬಿಚ್ಚು, ಹೊಸದಕ್ಕೆ ಸ್ಥಿತಿಯನ್ನು ಮರಳಿಸು. ಇದಕ್ಕಿಂತ ಶುದ್ಧವಾದ ವಿನ್ಯಾಸವನ್ನು ನಾನು ಕಂಡಿಲ್ಲ, ಇದನ್ನು ತಮಾಷೆಗೆ ಹೇಳುತ್ತಿಲ್ಲ. ದೋಷ ಇದ್ದರೆ ವಿನ್ಯಾಸದಲ್ಲಲ್ಲ, ಸಮಿತಿಯ ಬಜೆಟಿನಲ್ಲಿ. ಒಂದು ವರ್ಷಕ್ಕೆಂದು ಹೋದ ದೇವರು ಬಾಲಾಲಯದಲ್ಲಿ ಏಳು ವರ್ಷ ಕಾಯಬೇಕಾಗಿ ಬಂದರೆ ಅದಕ್ಕೆ ಆಗಮಶಾಸ್ತ್ರ ಹೊಣೆಯಲ್ಲ.

ಆದರೂ ಹಾಟ್ ಸ್ವಾಪಿನ ಪರಾಕಾಷ್ಠೆ ನೋಡಬೇಕಾದವರು ಒಂದು ರಾತ್ರಿ ಯಕ್ಷಗಾನದ ಎದುರು ಕೂರಬೇಕು. ಈಗ ಹಲವು ಮೇಳಗಳು ಕಾಲಮಿತಿಗೆ ಬಂದಿವೆ. ನಾನು ಹೇಳುವುದು ಬೆಳಗಿನ ತನಕದ ಆಟದ ಕ್ರಮ. ಪೂರ್ವರಂಗಕ್ಕೆ ಹಾಡುವವನು ಕಲಿಯುತ್ತಿರುವ ಹುಡುಗ, ಅವನಿಗೆ ಸಂಗೀತಗಾರ ಎಂದು ಹೆಸರು. ಪ್ರಸಂಗ ಶುರುವಾದ ಮೇಲೆ ಇನ್ನೊಬ್ಬ ಭಾಗವತರು. ನಡುರಾತ್ರಿ ದಾಟಿದ ಮೇಲೆ ಮುಖ್ಯ ಭಾಗವತರು. ಅಂದರೆ ಇಡೀ ರಂಗಸ್ಥಳವನ್ನು ನಡೆಸುವ, ವೇಷಗಳನ್ನು ಕುಣಿಸುವ, ನಿಲ್ಲಿಸುವ ಮೂಲ ಸಾಧನವನ್ನೇ ಒಂದೇ ರಾತ್ರಿಯಲ್ಲಿ ಎರಡು ಸಲ ಬದಲಿಸುತ್ತಾರೆ. ಆಟ ನಿಲ್ಲುವುದಿಲ್ಲ. ಕ್ಷಮಿಸಿ ಎಂದು ಯಾರೂ ಘೋಷಿಸುವುದಿಲ್ಲ.

ಹೇಗೆಂದರೆ, ಪದ್ಯ ಮುಗಿದು ವೇಷಧಾರಿ ಮಾತಿಗಿಳಿದ ಹೊತ್ತನ್ನು ಆಯ್ದುಕೊಳ್ಳುತ್ತಾರೆ. ಕೌರವ ತನ್ನ ಪರಾಕ್ರಮವನ್ನು ತಾನೇ ವರ್ಣಿಸಲು ತೊಡಗಿದನೆಂದರೆ ಹಿಮ್ಮೇಳಕ್ಕೆ ಹತ್ತು ನಿಮಿಷ ಕೆಲಸವಿಲ್ಲ. ಬಸ್ಸು ಖಾಲಿ. ಆಗ ಚೌಕಿಯ, ಅಂದರೆ ಬಣ್ಣದ ಮನೆಯ, ಕಡೆಯಿಂದ ಒಬ್ಬರು ಮುಂಡಾಸು ಸರಿಪಡಿಸಿಕೊಳ್ಳುತ್ತ ಬಂದು ಬದಿಯಲ್ಲಿ ಕೂರುತ್ತಾರೆ. ಕೂತವರು ಜಾಗಟೆಯನ್ನು ದಾಟಿಸಿ ಏಳುತ್ತಾರೆ. ಪ್ರಸಂಗ ಯಾವ ಪದ್ಯದಲ್ಲಿ ನಿಂತಿದೆ ಎಂದು ಹೇಳುವ ಅಗತ್ಯವೂ ಇಲ್ಲ, ಬಂದವರು ಚೌಕಿಯಲ್ಲಿ ಅರ್ಧ ನಿದ್ದೆಯಲ್ಲೇ ಕೇಳಿಸಿಕೊಂಡಿರುತ್ತಾರೆ. ಇದಕ್ಕೆ ಹಾಟ್ ಸ್ಟ್ಯಾಂಡ್‌ಬೈ ಎನ್ನುತ್ತಾರೆ. (ಇದರ ಇನ್ನೊಂದು ರೂಪವನ್ನು ಮೂಡುಬಿದಿರೆಯ ಮದುವೆ ಹಾಲುಗಳಲ್ಲಿ ನೋಡಬಹುದು. ಉಣ್ಣುವವನ ಕುರ್ಚಿಯ ಹಿಂದೆ ಮುಂದಿನ ಪಂಕ್ತಿಯವನು ನಿಂತು ಪಾಯಸ ಎಷ್ಟು ಉಳಿದಿದೆ ಎಂದು ಬಗ್ಗಿ ನೋಡುತ್ತಾನೆ.) ಒಂದೇ ತೊಡಕು ಶ್ರುತಿಯದು. ಹೋದವರದು ಬಿಳಿ ಐದು, ಬಂದವರದು ಕಪ್ಪು ಮೂರು ಆದರೆ ಮದ್ದಳೆಯೂ ಬದಲಾಗಬೇಕು. ಅದಕ್ಕೇ ಮದ್ದಳೆಯವರು ಮಗ್ಗುಲಲ್ಲಿ ಇನ್ನೊಂದು ಮದ್ದಳೆಯನ್ನು ಶ್ರುತಿ ಮಾಡಿ ಇಟ್ಟುಕೊಂಡಿರುತ್ತಾರೆ. ಹೊಸ ಬೋರ್ಡು ಬರುವ ಮೊದಲೇ ಅದರ ಡ್ರೈವರ್ ಸಿದ್ಧವಿರಬೇಕು ಎಂಬ ನಿಯಮ ಇದೇ. ಮೂಡುಬಿದಿರೆ ಸಮೀಪದ ಮಾರೂರಿನಲ್ಲಿದ್ದ ಬಲಿಪ ನಾರಾಯಣ ಭಾಗವತರಂಥವರಿಗೆ, 2023ರಲ್ಲಿ ಅವರು ತೀರಿಕೊಂಡರು, ಒಂದು ಶೈಲಿಯೇ ತಮ್ಮ ಹೆಸರಿನಲ್ಲಿತ್ತು. ಆ ಶೈಲಿ ತಿಳಿಯದ ಚೆಂಡೆಯವನು ಪಕ್ಕದಲ್ಲಿ ನಿಂತರೆ ಸಾಧನ ಉತ್ತಮ, ಡ್ರೈವರ್ ಹೊಂದುವುದಿಲ್ಲ.

ಯಶಸ್ಸನ್ನು ಅಳೆಯಲು ಕಂಪ್ಯೂಟರ್ ಕಂಪನಿಗಳು ವರ್ಷಕ್ಕೆ ಎಷ್ಟು ನಿಮಿಷ ಯಂತ್ರ ನಿಂತಿತು ಎಂದು ಲೆಕ್ಕ ಹಾಕುತ್ತವೆ. ನಮ್ಮ ಅಳತೆ ಇನ್ನೂ ಸೂಕ್ಷ್ಮ. ಎದುರಿನ ಸಾಲಿನಲ್ಲಿ ಚಾಪೆ ಹಾಸಿ ಮಲಗಿದವನ ನಿದ್ದೆ ಕೆಡಬಾರದು. ಕೆಟ್ಟರೆ ಬದಲಾವಣೆ ವಿಫಲ.

ಈಗ ಅಪಜಯಗಳ ಕಡೆಗೆ ಬರೋಣ. ಹೇಳದೆ ಕೇಳದೆ ಬೋರ್ಡು ಕಿತ್ತರೆ ಅದಕ್ಕೆ ಸರ್‌ಪ್ರೈಸ್ ರಿಮೂವಲ್ ಎಂಬ ಅಧಿಕೃತ ಹೆಸರಿದೆ. ಸರಕಾರಿ ಭಾಷೆಯಲ್ಲಿ ವರ್ಗಾವಣೆ. ಯಾವ ಕಚೇರಿ ಎಂದು ನಾನು ಹೇಳುವುದಿಲ್ಲ, ಯಾವುದಾದರೂ ಆದೀತು. ಸಂಜೆಯ ತನಕ ಇದ್ದ ಅಧಿಕಾರಿ ಬೆಳಗ್ಗೆ ಇರುವುದಿಲ್ಲ. ತೆರೆದ ಕಡತಗಳು ತೆರೆದೇ ಇರುತ್ತವೆ, ಅರ್ಧ ಬರೆದ ಆದೇಶ ಅರ್ಧದಲ್ಲೇ ಇರುತ್ತದೆ. ಸರತಿಯಲ್ಲಿ ನಿಂತ ನಮ್ಮ ಅರ್ಜಿಗಳು ಇಲ್ಲದವನ ಉತ್ತರಕ್ಕೆ ಕಾಯುತ್ತಿರುತ್ತವೆ. ಕೆಲವು ದಿನಗಳ ಮೇಲೆ ಒಬ್ಬ 'ಪ್ರಭಾರ' ಬರುತ್ತಾರೆ. ಕಂಪ್ಯೂಟರಿನಲ್ಲಿ ಸರಿಯಾದ ಡ್ರೈವರ್ ಸಿಗದಾಗ ತಾತ್ಕಾಲಿಕವಾಗಿ ಕೂರಿಸುವ ಸಾಮಾನ್ಯ ಡ್ರೈವರ್ ಇದ್ದಂತೆ ಅವರು. ಪರದೆ ಕಾಣುತ್ತದೆ, ಬಣ್ಣ ಕಾಣುವುದಿಲ್ಲ.

ಕಿತ್ತ ಬೋರ್ಡಿನ ಬಗ್ಗೆ ಶಾಸ್ತ್ರದಲ್ಲಿ ಒಂದು ಅತಿ ಮುಖ್ಯ ಸತ್ಯವಿದೆ. ಪಿಸಿಐ ಬಸ್ಸಿನಲ್ಲಿ ಇಲ್ಲದ ಬೋರ್ಡನ್ನು ಓದಲು ಹೋದರೆ ಮೌನ ಸಿಗುವುದಿಲ್ಲ, ಸೊನ್ನೆಯೂ ಸಿಗುವುದಿಲ್ಲ. ಎಲ್ಲ ಬಿಟ್‌ಗಳೂ ಒಂದೇ ಆಗಿ ಬರುತ್ತವೆ, ಮೂವತ್ತೆರಡು ಒಂದುಗಳು. ಅಂದರೆ ಇಲ್ಲದವನು ಎಲ್ಲದಕ್ಕೂ ಹೌದು ಎನ್ನುತ್ತಾನೆ. ಸಿದ್ಧವಾ? ಹೌದು. ಕೆಲಸ ಮುಗಿಯಿತಾ? ಹೌದು. ತಪ್ಪೇನಾದರೂ ಆಯಿತಾ? ಹೌದು. ಈಗ ಎಲ್ಲಿದ್ದೀರಿ ಎಂದು ಪ್ಲಂಬರಿಗೆ ಫೋನ್ ಮಾಡಿದವರೆಲ್ಲ ಈ ಉತ್ತರವನ್ನು ಕೇಳಿದ್ದಾರೆ.

ನಾನು ಕಿತ್ತ ಬೋರ್ಡಿನ ಪ್ರಸಂಗ ಇಲ್ಲಿ ಬರುತ್ತದೆ. ಬೆಳ್ತಂಗಡಿ ತಾಲೂಕಿನ ಒಂದು ಅಡಿಕೆ ಖರೀದಿ ಅಂಗಡಿ, ಹೆಸರು ಬೇಡ, ತಪ್ಪು ನನ್ನದೇ. ತೂಕದ ಯಂತ್ರದಿಂದ ಕಂಪ್ಯೂಟರಿಗೆ ಲೆಕ್ಕ ತರುವ ಒಂದು ಕಾರ್ಡು ಆಗಾಗ ಮುನಿಸಿಕೊಳ್ಳುತ್ತಿತ್ತು. ಹೊಸದು ತಂದಿದ್ದೆ. ಅಂಗಡಿಯಲ್ಲಿ ಜನ ಸಾಲು ನಿಂತಿದ್ದರು, ಯಂತ್ರ ನಿಲ್ಲಿಸಿದರೆ ಮತ್ತೆ ಏಳಲು ಕಾಲು ಗಂಟೆ. ಹಾಟ್ ಸ್ವಾಪಿನ ಬಗ್ಗೆ ಓದಿದ್ದೆ, ಅರ್ಧ. ಮುಚ್ಚಳ ತೆಗೆದು ಕಾರ್ಡನ್ನು ಎಳೆದೆ. ಕಿಡಿ ಹಾರಲಿಲ್ಲ, ಪರದೆ ನೀಲಿಯಾಗಲಿಲ್ಲ. ಗೆದ್ದೆ ಎಂದುಕೊಂಡು ಹೊಸದನ್ನು ಹುಡುಕಲು ಚೀಲಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಸಾಲಿನಲ್ಲಿದ್ದ ಕೃಷಿಕರೊಬ್ಬರು ತಮ್ಮ ಗೋಣಿಯನ್ನು ತಕ್ಕಡಿಗೆ ಏರಿಸಿದರು.

ಪರದೆಯ ಮೇಲೆ ತೂಕ ಬಂತು: 4,29,49,67,295 ಗ್ರಾಂ.

ಮೂವತ್ತೆರಡು ಒಂದುಗಳನ್ನು ಸಂಖ್ಯೆಯಾಗಿ ಓದಿದರೆ ಬರುವುದು ಇದೇ. ನಾಲ್ಕು ಸಾವಿರದ ಇನ್ನೂರ ತೊಂಬತ್ತನಾಲ್ಕು ಟನ್, ಮೇಲೆ ಒಂಬೈನೂರ ಅರುವತ್ತೇಳು ಕಿಲೋ, ಚಿಲ್ಲರೆ. ಅಂಗಡಿಯಲ್ಲಿ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳಿಸಿತು. ಕೃಷಿಕರು ಕನ್ನಡಕ ಹಾಕಿಕೊಂಡು ಅಂಕಿಗಳನ್ನು ಬಲದಿಂದ ಎಡಕ್ಕೆ ಎಣಿಸಿದರು. ಆಮೇಲೆ ಶಾಂತವಾಗಿ, "ಗೋಣಿಯ ತೂಕ ಕಳೆದಾಗಿದೆಯಾ?" ಎಂದು ಕೇಳಿದರು.

ಕಳೆದಿರಲಿಲ್ಲ. ರೈಟರ್ ಕ್ರಮಪ್ರಕಾರ ಒಂದು ಕಿಲೋ ಕಳೆದರು. 4,29,49,66,295. "ಕೊಳೆರೋಗದ ವರ್ಷ, ಇಷ್ಟು ನಿರೀಕ್ಷೆ ಇರಲಿಲ್ಲ" ಎಂದು ಕೃಷಿಕರು ಹಿಂದಿನವರಿಗೆ ಹೇಳಿದರು. ಹಿಂದಿನವರು ಯಾವ ಮದ್ದು ಬಿಟ್ಟದ್ದು ಎಂದು ವಿಚಾರಿಸಿದರು. ದರ ಹಾಕಿ ಗುಣಿಸಲು ಹೋದಾಗ ಮೊತ್ತದ ಕಾಲಮಿನಲ್ಲಿ ಬರೀ ನಕ್ಷತ್ರಗಳು ಬಂದವು, ಅಷ್ಟು ದೊಡ್ಡ ಸಂಖ್ಯೆಗೆ ಅಲ್ಲಿ ಜಾಗವಿರಲಿಲ್ಲ. ಅಂಗಡಿಯ ಯಜಮಾನರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಹೊಸ ಕಾರ್ಡನ್ನು ಸಿಕ್ಕಿಸಿದೆ. ಅದು ಸಿಸ್ಟಮಿಗೆ ಕಾಣಿಸಲೇ ಇಲ್ಲ. ಬಂದಿದ್ದೇನೆ ಎಂದು ಅದೂ ಹೇಳಿಕೊಳ್ಳಲಿಲ್ಲ, ಯಾರು ಬಂದಿರಿ ಎಂದು ಇದೂ ಕೇಳಲಿಲ್ಲ. ಕೊನೆಗೆ ಕಂಪ್ಯೂಟರ್ ಆರಿಸಿ ಹಾಕಿದೆವು. ಕಾಲು ಗಂಟೆ ಎಂದದ್ದು ಎರಡು ಗಂಟೆಯಾಯಿತು.

ಆಮೇಲೆ ಓದಿನ ಉಳಿದರ್ಧ ಮುಗಿಸಿದೆ. ಪರಿಹಾರ ಸರಳ. ಉತ್ತರ ಬರೀ ಒಂದುಗಳಾಗಿ ಬಂದರೆ ಡ್ರೈವರ್ ಅದನ್ನು ನಂಬದೆ ಇನ್ನೊಂದು ಪ್ರಶ್ನೆ ಕೇಳಬೇಕು: ನೀನು ಯಾವ ಮನೆಯವನು? ಪಿಸಿಐಯ ಒಂದೊಂದು ಬೋರ್ಡಿನಲ್ಲೂ ಅದನ್ನು ಮಾಡಿದ ಕಂಪನಿಯ ಹದಿನಾರು ಬಿಟ್ಟಿನ ಗುರುತು ಕೊರೆದಿರುತ್ತದೆ. ಹದಿನಾರೂ ಒಂದಾಗಿರುವ ಗುರುತನ್ನು ಬೇಕೆಂದೇ ಯಾವ ಕಂಪನಿಗೂ ಕೊಟ್ಟಿಲ್ಲ. ಅದೇ ಉತ್ತರ ಬಂದರೆ ಅಲ್ಲಿ ಯಾರೂ ಇಲ್ಲ ಎಂದು ತಿಳಿಯಬೇಕು. ಲಿನಕ್ಸಿನಲ್ಲಿ ಬೋರ್ಡನ್ನು ಕೀಳುವ ಮುನ್ನ 'ರಿಮೂವ್' ಎಂಬ ಕಡತಕ್ಕೆ ಒಂದು ಎಂದು ಬರೆಯಬೇಕು, ಹೊಸದು ಕೂರಿಸಿದ ಮೇಲೆ 'ರೀಸ್ಕ್ಯಾನ್' ಎಂಬ ಕಡತಕ್ಕೆ ಇನ್ನೊಂದು ಒಂದು. ಆಗ ಸಿಸ್ಟಮು ಗೂಡುಗೂಡಿಗೂ ಹೋಗಿ ಯಾವ ಊರು, ಯಾವ ಮನೆ ಎಂದು ವಿಚಾರಿಸಿಕೊಂಡು ಬರುತ್ತದೆ. ವೇಣೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಗುರುವಾಯನಕೆರೆ ಬರುವಷ್ಟರಲ್ಲಿ ನನ್ನನ್ನು ಹೀಗೆ ಮೂರು ತಲೆಮಾರಿನ ತನಕ ಸ್ಕ್ಯಾನ್ ಮಾಡಿದರು.

ದೊಡ್ಡ ಪ್ರಮಾಣದ ಪ್ರಯೋಗವೂ ಇಲ್ಲಿ ನಡೆದಿದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯನ್ನು ಮದರಾಸಿನ ಗೂಡಿನಿಂದ ತೆಗೆದು ಮೈಸೂರು ರಾಜ್ಯದ ಗೂಡಿಗೆ ಕೂರಿಸಿದರು. ಜನ ಮಲಗಿ ಎದ್ದರು, ರಾಜ್ಯ ಬದಲಾಗಿತ್ತು. ಚಾಪೆಯ ಮೇಲಿನವರ ನಿದ್ದೆ ಕೆಡಲಿಲ್ಲ. ಆದರೆ ಹಳೆಯ ಡ್ರೈವರುಗಳು ಉಳಿದೇ ಹೋದವು. ಕುಮ್ಕಿ ಎಂಬುದನ್ನು ನೋಡಿ. ಹಳೆಯ ವರ್ಗ ಜಾಗದಿಂದ 450 ಗಜದೊಳಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು ಸೌದೆ ಕೊಯ್ಯುವ ಸವಲತ್ತು ಅದು, ಮದರಾಸಿನ ಕಾಲದ್ದು. ಅದರ ಅರ್ಥವನ್ನು ಬಯಲುಸೀಮೆಯಿಂದ ಬಂದ ಒಬ್ಬೊಬ್ಬ ಅಧಿಕಾರಿಗೂ ನಾವು ಈಗಲೂ ಮೊದಲಿನಿಂದ ಹೇಳಿಕೊಡುತ್ತಿದ್ದೇವೆ. ರಾಜ್ಯ ಬದಲಾದ ಆ ದಿನ ಕಾಸರಗೋಡು ಎಂಬ ಕಾರ್ಡು ಮಾತ್ರ ಕೇರಳದ ಗೂಡಿಗೆ ಹೋಯಿತು. ಅದನ್ನು ತೆಗೆದು ಇತ್ತ ಹಾಕಿ ಎಂದು ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಹೋರಾಡಿದರು, 1967ರ ಮಹಾಜನ ವರದಿಯೂ ಹೌದೆಂದಿತು. ನೀಲಿ ದೀಪ ಇನ್ನೂ ಹೊತ್ತಿಲ್ಲ. ಮೂಡುಬಿದಿರೆಯದು ಈಚಿನ ಸಂಗತಿ, ಕೆಲವು ವರ್ಷಗಳ ಹಿಂದಿನ ತನಕ ಅದು ಮಂಗಳೂರು ತಾಲೂಕಿನಲ್ಲಿತ್ತು. ಈಗ ತಾನೇ ತಾಲೂಕು. ನಾನು ಆನ್‌ಲೈನಿನಲ್ಲಿ ತುಂಬಿದ ಒಂದು ಅರ್ಜಿ ಅದನ್ನು ಇನ್ನೂ ರೀಸ್ಕ್ಯಾನ್ ಮಾಡಿರಲಿಲ್ಲ.

ಕೊನೆಯ ದಿನ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದೆ. 1430ರಲ್ಲಿ ಕಟ್ಟಿದ್ದು. ಅಲ್ಲಿನ ಕಂಬಗಳಲ್ಲಿ ಒಂದರ ಕೆತ್ತನೆಯಂತೆ ಇನ್ನೊಂದರದಿಲ್ಲ ಎಂಬುದು ಅದರ ಕೀರ್ತಿ. ನನ್ನ ವರದಿಯಲ್ಲಿ ಅದನ್ನು ಗಂಭೀರ ದೋಷವೆಂದು ನಮೂದಿಸಿದ್ದೇನೆ. ಒಂದೇ ಅಳತೆಯ ಬೋರ್ಡುಗಳಿಲ್ಲದಿದ್ದರೆ ಬದಲಿ ಇಟ್ಟುಕೊಳ್ಳುವುದು ಹೇಗೆ? ಆರು ಶತಮಾನಗಳ ಹತ್ತಿರವಾಯಿತು, ಒಂದಾದರೂ ಬದಲಿ ಕಂಬ ದಾಸ್ತಾನು ಇದೆಯೇ ಎಂದು ಅಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದೆ. ಇದುವರೆಗೆ ಬೇಕಾಗಲಿಲ್ಲ ಎಂದರು. ಇಂಥ ಉತ್ತರವನ್ನು ಎಲ್ಲಿ ನಮೂದಿಸಬೇಕೆಂದು ನನ್ನ ನಮೂನೆಯಲ್ಲಿ ಕಾಲಮು ಇರಲಿಲ್ಲ.

ಅಡಿಕೆ ಅಂಗಡಿಗೆಂದು ತಂದ ಆ ಹೊಸ ಕಾರ್ಡು ಈಗಲೂ ನನ್ನ ಮನೆಯ ಅಟ್ಟದಲ್ಲಿದೆ, ಒಮ್ಮೆ ಮಾತ್ರ ಸಿಕ್ಕಿಸಿದ್ದು, ಉಪಯೋಗಿಸಿದ್ದಲ್ಲ. ಬೇಕಾದವರು ಬಿ.ಸಿ.ರೋಡಿಗೆ ಬಂದು ಕೊಂಡುಹೋಗಬಹುದು, ದುಡ್ಡು ಬೇಡ. ಬರುವ ಮೊದಲು ಒಂದು ಫೋನ್ ಮಾಡಿ. ನಾನು ಊರಲ್ಲಿ ಇಲ್ಲದಿದ್ದರೂ 'ಹೌದು, ಮನೆಯಲ್ಲೇ ಇದ್ದೇನೆ, ಬನ್ನಿ' ಎಂದೇ ಹೇಳುವುದು ನನ್ನ ಅಭ್ಯಾಸ, ಆದ್ದರಿಂದ ಪಕ್ಕದ ಮನೆಯಲ್ಲೊಮ್ಮೆ ವಿಚಾರಿಸಿಕೊಂಡು ಹೊರಡಿ.